ಕಣ್ಣಿ ಬೀಳದ ಕೊರಳು

ಅವಳು ಮೆಟ್ಟಿಲು ಹತ್ತಿ ಬಂದಾಗ ಅವನು ಬೆಂಚಿನ ತುದಿಯಲ್ಲಿ ಕೂತು ತೂಕಡಿಸುತ್ತಿದ್ದ.

ಅಭಿನಯಾ ಬಾಗಿಲಲ್ಲೇ ನಿಂತಳು. ವಿಮಾನದಲ್ಲಿ, ಕೊಯಮತ್ತೂರಿನಿಂದ ಬೆಟ್ಟ ಹತ್ತುವ ಬಸ್ಸಿನಲ್ಲಿ, ತವರಿನ ಹಾಸಿಗೆಯಲ್ಲಿ ಹೊರಳುತ್ತಾ, ಈ ಗಳಿಗೆಯನ್ನು ಅವಳು ಎಷ್ಟೋ ಬಗೆಯಲ್ಲಿ ಕಲ್ಪಿಸಿಕೊಂಡಿದ್ದಳು. ಅವನು ಮುಖ ತಿರುಗಿಸಬಹುದು. ಕೂಗಾಡಬಹುದು. ಆದರೆ ನಿದ್ದೆ ಮಾಡುತ್ತಿರುತ್ತಾನೆ ಎಂದು ಒಮ್ಮೆಯೂ ಅಂದುಕೊಂಡಿರಲಿಲ್ಲ.

ಮುರಳೀಧರನ್ ಅವಳ ಗಂಡ. ಅಥವಾ ಅಲ್ಲ. ಅದನ್ನು ಗೊತ್ತುಮಾಡುವುದಕ್ಕೇ ಇಬ್ಬರೂ ಇವತ್ತು ಊಟಿಯ ಈ ವಕೀಲರ ಕಚೇರಿಗೆ ಬಂದಿದ್ದರು.

ಅವಳ ಚಪ್ಪಲಿಯ ಸದ್ದಿಗೆ ಅವನು ಕಣ್ಣುಬಿಟ್ಟ. ನೋಡಿದ. ಎದ್ದು ನಿಲ್ಲಲು ಹೋಗಿ, ಯಾಕೆಂದು ತನಗೇ ತಿಳಿಯದವನಂತೆ ಮತ್ತೆ ಕೂತ.

"ಬಂದೆಯಾ?" ಅಂದ.

"ಹೂಂ."

"ಬೆಳಗ್ಗೆ ಕ್ಯಾರೆಟ್ ಲೋಡು ಇತ್ತು. ಕಣ್ಣು ಹತ್ತಿಬಿಟ್ಟಿತು."

ಎರಡು ವರ್ಷದ ಮೇಲೆ ಎದುರಾದ ಗಂಡನ ಬಾಯಿಂದ ಬಂದ ಮಾತು ಇಷ್ಟು... ಕ್ಯಾರೆಟ್ ಲೋಡು. ಅವಳಿಗೆ ನಗಬೇಕೆನ್ನಿಸಿತು, ಆಗಲಿಲ್ಲ. ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು. ನಡುವೆ ಇನ್ನಿಬ್ಬರು ಕೂರುವಷ್ಟು ಜಾಗವಿತ್ತು. ಅವನ ಉಗುರುಸಂದಿಯಲ್ಲಿ ಕೆಮ್ಮಣ್ಣು ಹಾಗೇ ಇತ್ತು. ಕೈ ತೊಳೆದಿದ್ದಾನೆ, ಆದರೂ ಹೋಗಿಲ್ಲ. ಅದು ಹೋಗುವುದಿಲ್ಲ, ಅವಳಿಗೆ ಗೊತ್ತು.

'ಇವನನ್ನು ಬೈಯಬೇಕೆಂದು ಅಷ್ಟು ದೂರದಿಂದ ಬಂದೆ. ಈಗ ಬೈಯುವಷ್ಟು ತ್ರಾಣವೂ ಇಲ್ಲವಲ್ಲ...'

ಅಷ್ಟರಲ್ಲಿ ಮೆಟ್ಟಿಲಲ್ಲಿ ಯಾರೋ ಏದುಸಿರು ಬಿಡುತ್ತಾ, ಮೆಟ್ಟಿಲು ಕಟ್ಟಿದವನ ಅಪ್ಪ ಅಜ್ಜಂದಿರನ್ನೆಲ್ಲ ಬೈಯುತ್ತಾ ಹತ್ತಿ ಬಂದರು. ಮುರಳಿಯ ತಾಯಿ ನಂಜಿ. ಬಿಳಿ ಬಟ್ಟೆಯ ಮುಸುಕು ಸರಿಮಾಡಿಕೊಂಡು, ಸೊಸೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಇಬ್ಬರ ನಡುವಿನ ಖಾಲಿ ಜಾಗದಲ್ಲಿ ಧೊಪ್ಪೆಂದು ಕೂತಳು.

"ಅಲ್ಲಿ ಊಟ ಹಾಕೋದಿಲ್ಲವಾ ನಿನಗೆ?"

"ಹಾಕ್ತಾರೆ, ಮಾಮಿ."

"ಹಾಕಿದ್ದು ಎಲ್ಲಿಗೆ ಹೋಯಿತು?"

ಅಭಿನಯಾ ಸ್ವೆಟರಿನ ತೋಳನ್ನು ಮಣಿಕಟ್ಟಿನವರೆಗೆ ಎಳೆದುಕೊಂಡಳು. ಈ ಮಾಮಿಯೇ ಮಗನಿಗೆ ನಂಜನಾಡಿನ ಕಡೆ ಹೆಣ್ಣು ಕೇಳಿಸುತ್ತಿದ್ದಾಳೆಂದು ಅವಳ ಅವ್ವೆ ಫೋನಿನಲ್ಲಿ ಹೇಳಿ ಅತ್ತಿದ್ದಳು. ಆಮೇಲೆ ಮುರಳಿಯಿಂದ ಒಂದು ಮೆಸೇಜು ಬಂದಿತ್ತು. ವಕೀಲರ ಹತ್ತಿರ ಒಂದು ಪೇಪರಿಗೆ ಸೈನ್ ಮಾಡಬೇಕು, ಬಾ ಎಂದು. ಅಷ್ಟೇ.

* * *

ಅವರ ಮದುವೆ ತುಮ್ಮನಟ್ಟಿಯ ಹತ್ತಿರದ ಮುರಳಿಯ ಹಟ್ಟಿಯಲ್ಲಿ, ಹಳೆಯ ಕ್ರಮದಲ್ಲೇ ನಡೆದಿತ್ತು. ನೀಲಗಿರಿಯ ಇವರ ಬಡಗ ಜನರಲ್ಲೂ ಈಗ ಮಂಟಪ, ತಾಳಿ, ಡ್ರೋನ್ ಕ್ಯಾಮೆರಾ ಎಲ್ಲ ಬಂದಿವೆ. ಆದರೆ ಮುರಳಿಯ ಮನೆಯವರು ಬಿಡಲಿಲ್ಲ. ಹೆಣ್ಣನ್ನು ನೆಂಟರು ಕರೆತಂದರು. ಅವಳು ಹಳ್ಳದಿಂದ ಕೊಡದಲ್ಲಿ ನೀರು ಹೊತ್ತು ತಂದು ಹೊಸ ಮನೆಯ ಒಳಗಿಟ್ಟಳು. ಹಿರಿಯರ ಕಾಲಿಗೆರಗಿದಳು. ಊಟವಾಯಿತು, ಕುಣಿತದ ಆಟವಾಯಿತು.

ಕೊರಳಿಗೆ ಏನೂ ಬೀಳಲಿಲ್ಲ. ಹಳೆಯ ಕ್ರಮದಲ್ಲಿ ಅದು ಬೀಳುವುದು ಮೊದಲ ಬಸುರಿನಲ್ಲಿ. ಏಳನೆಯ ತಿಂಗಳು ಎರಡೂ ಕಡೆಯವರು ಕೂಡಿದಾಗ ಗಂಡ ಎದ್ದು ನಿಂತು, 'ಮಾಮ, ನಿನ್ನ ಮಗಳ ಕೊರಳಿಗೆ ಕಣ್ಣಿ ಹಾಕಲೇ?' ಎಂದು ಮಾವನನ್ನು ಕೇಳಬೇಕು. ಮಾವ ಹೂಂ ಅಂದ ಮೇಲೆ ನೂಲಿನ ಕಣ್ಣಿ ಹಾಕಬೇಕು. ಅಲ್ಲಿಗೆ ಮದುವೆ ಪೂರ್ತಿಯಾದಂತೆ ಎನ್ನುತ್ತಾರೆ ಹಳಬರು. ಅದಕ್ಕೆ ಮೊದಲು ಬೇಡವೆನಿಸಿದವರು ಬೇಡವೆನ್ನಬಹುದಿತ್ತು, ಹಿಂದೆ.

ಅಭಿನಯಾಳಿಗೆ ಕಣ್ಣಿಯ ದಿನ ನಿಗದಿಯಾಗಿತ್ತು. ಅದು ಬರುವ ಮೊದಲೇ, ಆರನೆಯ ತಿಂಗಳಲ್ಲಿ, ಮಗು ಹೋಯಿತು.

ಆಮೇಲೆ ಮನೆಯಲ್ಲಿ ಯಾರೂ ಅವಳನ್ನು ಏನೂ ಅನ್ನಲಿಲ್ಲ. ಅದನ್ನೇ ಅವಳಿಗೆ ತಡೆಯಲಾಗಲಿಲ್ಲ. ಮುರಳಿ ಬೆಳಗಾದರೆ ಹೊಲಕ್ಕೆ ಹೋಗುತ್ತಿದ್ದ, ಕತ್ತಲಾದ ಮೇಲೆ ಬರುತ್ತಿದ್ದ. ಅವಳು ನರ್ಸಿಂಗ್ ಓದಿದವಳು. ಇಂಗ್ಲೆಂಡಿನಲ್ಲಿ ಮುದುಕರನ್ನು ನೋಡಿಕೊಳ್ಳುವ ಒಂದು ನರ್ಸಿಂಗ್ ಹೋಮಿಗೆ ಜನ ಬೇಕೆಂದು ಗೆಳತಿ ಹೇಳಿದಾಗ, ಹೋಗಲಾ ಎಂದು ಕೇಳಿದ್ದಳು. ಅವನು, ನಿನಗೆ ಸರಿ ಅನ್ನಿಸಿದರೆ ಹೋಗು ಅಂದಿದ್ದ.

ಹೋದಳು. ವೀಸಾ ಅರ್ಜಿಯಲ್ಲಿ ಅವಿವಾಹಿತೆ ಎಂದು ಬರೆಸಿ ಹೋದಳು.

ಅದು ಹೊರಬಂದದ್ದು ಕಳೆದ ಮಳೆಗಾಲದಲ್ಲಿ. ಅಲ್ಲಿನ ಒಂಟಿತನ ಸಾಕಾಗಿ, ನೀನೂ ಬಂದುಬಿಡು ಎಂದು ಅವಳೇ ಫೋನಿನಲ್ಲಿ ಅವನನ್ನು ಕರೆದಿದ್ದಳು. ತಾನು ಬರೆಸಿದ್ದು ಅವಳಿಗೆ ನೆನಪಿಗೇ ಬಂದಿರಲಿಲ್ಲ. ಕುನ್ನೂರಿನ ಏಜೆಂಟನ ಕೈಯಲ್ಲಿ ಮುರಳಿ ಗಂಡನೆಂದು ಅರ್ಜಿ ಹಾಕಿಸಿದ. ಈ ಹೆಂಗಸಿಗೆ ಗಂಡನಿದ್ದಾನೆಂದು ನಮ್ಮ ದಾಖಲೆಯಲ್ಲಿಲ್ಲ ಎಂದು ಅಲ್ಲಿನ ವೀಸಾ ಕಚೇರಿಯಿಂದ ಉತ್ತರ ಬಂತು. ಹಿಂದೆಯೇ ಅವಳಿಗೂ ಒಂದು ಪ್ರಶ್ನೆ ಬಂತು. ಮದುವೆಯಾಗಿದೆಯೇ, ಆಗಿದ್ದರೆ ಯಾಕೆ ಮುಚ್ಚಿಟ್ಟಿರಿ, ವಿವರ ತಿಳಿಸಿ.

ಅವತ್ತಿನಿಂದ ಮುರಳಿಯ ಫೋನು ಕಡಿಮೆಯಾಯಿತು. ಮಾಡಿದರೂ ಹವೆಯ ಮಾತು, ತೋಟದ ಮಾತು. ಯಾಕೆ ಹಾಗೆ ಬರೆಸಿದೆ ಎಂದು ಅವನು ಕೇಳಲಿಲ್ಲ. ಅವಳು ಹೇಳಲಿಲ್ಲ.

* * *

ವಕೀಲೆ ಪ್ರೇಮಲತಾ ಗುಂಡ್ಲುಪೇಟೆ ಕಡೆಯವರು. ತಾತನ ಕಾಲದಲ್ಲಿ ಊಟಿಗೆ ವ್ಯಾಪಾರಕ್ಕೆ ಬಂದ ಮನೆತನ. ಗಂಡ ಹೆಂಡಿರ ಜಗಳ, ಪಾಸ್‌ಪೋರ್ಟಿನ ಹೆಸರಿನ ತೊಡಕು, ವೀಸಾ ತಿರಸ್ಕಾರ ಎಂದು ಬೆಟ್ಟದ ಜನ ಮೊದಲು ಬರುವುದು ಅವರ ಹತ್ತಿರ. ಸ್ವೆಟರಿನ ಮೇಲೇ ಕಪ್ಪು ಕೋಟು ಹಾಕಿಕೊಂಡಿದ್ದರು. ಮೇಜಿನ ಮೇಲೆ ಆರಿಹೋದ ಟೀ.

ಒಂದು ಹಾಳೆಯನ್ನು ಅಭಿನಯಾಳ ಮುಂದೆ ಸರಿಸಿದರು. ಅದು ಪ್ರಮಾಣಪತ್ರ. ನಮ್ಮಿಬ್ಬರಿಗೆ ಮದುವೆ ಆಗಿಲ್ಲ, ನಮ್ಮ ಸಮುದಾಯದಲ್ಲಿ ಮದುವೆಯನ್ನು ಪೂರ್ತಿ ಮಾಡುವ ಕಣ್ಣಿಯ ಶಾಸ್ತ್ರ ನಡೆದಿಲ್ಲ, ನಾವು ಗಂಡ ಹೆಂಡತಿ ಅಲ್ಲ ಎಂದು ಇಬ್ಬರೂ ಹೇಳುವ ಮಾತು. ಕೆಳಗೆ ಮುರಳಿ ಆಗಲೇ ಸೈನ್ ಮಾಡಿದ್ದ.

ಅಭಿನಯಾ ಓದಿದಳು. ಗಂಡ ಹೆಂಡತಿ ಅಲ್ಲ ಎಂಬಲ್ಲಿ ನಿಂತಳು.

'ವಿಚ್ಛೇದನ ಕೇಳುತ್ತಾನೆ ಅಂದುಕೊಂಡಿದ್ದೆ. ಇವನು ಮದುವೆಯೇ ಇಲ್ಲ ಅನ್ನುತ್ತಿದ್ದಾನೆ... ನಾನು ಆ ಮನೆಯಲ್ಲಿ ಇರಲೇ ಇಲ್ಲ ಅನ್ನುತ್ತಿದ್ದಾನೆ.'

ಪ್ರೇಮಲತಾ ನಂಜಿಯತ್ತ ತಿರುಗಿ, ನೀವು ಹೇಳಬೇಕಾದ್ದು ಒಂದೇ, ಕಣ್ಣಿ ಹಾಕಿದ್ದು ಉಂಟೋ ಇಲ್ಲವೋ ಅಂದರು.

"ಹಾಕಲಿಲ್ಲ," ಅಂದಳು ನಂಜಿ. ಗೋಡೆ ನೋಡುತ್ತಾ ಅಂದಳು. ಆಮೇಲೆ ಯಾರೂ ಕೇಳದಿದ್ದರೂ, ಹಾಕುವ ದಿನಕ್ಕೆಂದು ಬಂಧುಗಳಿಗೆಲ್ಲ ಹೇಳಿಯಾಗಿತ್ತು ಎಂದು ಗೊಣಗಿದಳು.

ಅಭಿನಯಾ ಪೆನ್ನು ತೆಗೆದುಕೊಂಡಳು. "ಎಲ್ಲಿ ಮೇಡಂ?"

"ತಡೀರಿ. ಸೈನ್ ಮಾಡಿದರೆ ಏನಾಗುತ್ತೆ ಅಂತ ಇಬ್ಬರಿಗೂ ಹೇಳೋದು ನನ್ನ ಕೆಲಸ. ಮುರಳಿ ಹೇಳಬೇಡಿ ಅಂದಿದ್ದಾರೆ. ಆದರೆ ನಾನು ಅವರ ನೆಂಟಳಲ್ಲ, ವಕೀಲೆ."

"ಮೇಡಂ, ಬೇಡ," ಅಂದ ಮುರಳಿ.

"ನೀವು ಸುಮ್ಮನಿರಿ." ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಮದುವೆ ಆಗಿಲ್ಲ ಅಂದರೆ ನೀವು ಅರ್ಜಿಯಲ್ಲಿ ಬರೆಸಿದ್ದು ನಿಜ ಅಂತಾಗುತ್ತೆ. ನಿಮ್ಮ ಕೆಲಸ ಉಳಿಯಬಹುದು. ಆಗ ಸುಳ್ಳು ಹೇಳಿದವರು ಯಾರು? ಗಂಡ ಅಂತ ಅರ್ಜಿ ಹಾಕಿದವರು. ನಿಮಗೆ ತಿಳಿಸದೆ ತಾನೇ ಹಾಕಿದೆ ಅಂತ ಅವರು ಬೇರೆ ಬರೆದುಕೊಟ್ಟಿದ್ದಾರೆ. ಇನ್ನು ಅವರಿಗೆ ಆ ದೇಶದ ವೀಸಾ ಸಿಗೋದು ಕನಸು. ಇಲ್ಲೂ ಯಾರಾದರೂ ಕೆದಕಿದರೆ ಸುಳ್ಳು ಪ್ರಮಾಣ ಅಂತ ತೊಂದರೆ. ನೀರು ತಂದದ್ದೇ ಮದುವೆ ಅಂತ ಕೋರ್ಟು ಒಪ್ಪಿಬಿಡಬಹುದು, ಗೊತ್ತಾಯಿತಾ?"

ಅಭಿನಯಾ ಮುರಳಿಯ ಕಡೆ ನೋಡಿದಳು. ಅವನು ತನ್ನ ಅಂಗೈ ನೋಡಿಕೊಳ್ಳುತ್ತಿದ್ದ.

"ಮದುವೆ ಆಗಿದೆ ಅಂದರೆ?" ಅಂದಳು ಅವಳು.

"ಅಂದರೆ ನೀವು ತಪ್ಪು ಬರೆಸಿದಿರಿ ಅಂತ ಒಪ್ಪಿಕೊಳ್ಳಬೇಕು. ನಿಮ್ಮ ಕ್ರಮ ಹೀಗೆ, ಅದಕ್ಕೇ ಹೀಗೆ ಬರೆಸಿದೆ ಅಂತ ವಿವರಿಸಬೇಕು. ಅವರು ಕೇಳಿಸಿಕೊಳ್ಳಬಹುದು, ಕೇಳಿಸಿಕೊಳ್ಳದೆ ವಾಪಸ್ ಕಳಿಸಬಹುದು. ವರ್ಷಗಟ್ಟಲೆ ಬರಬೇಡಿ ಅನ್ನಲೂಬಹುದು. ನಾನು ಅಲ್ಲಿನ ಕಾನೂನು ಓದಿದವಳಲ್ಲ. ಅಲ್ಲಿನ ಒಬ್ಬ ವಕೀಲರನ್ನು ಕೇಳಲೇಬೇಕು. ಆಗುತ್ತೆ ಅಂತ ಮಾತು ಕೊಡೋಕೆ ನನ್ನಿಂದಾಗದು."

ಕೋರ್ಟಿನಲ್ಲಿ ಪ್ರೇಮಲತಾರ ಇನ್ನೊಂದು ಕೇಸು ಕರೆಯುವ ಹೊತ್ತಾಗಿತ್ತು. ಊಟ ಮಾಡಿಕೊಂಡು ಬನ್ನಿ, ಅಲ್ಲಿಯವರೆಗೆ ಯಾರೂ ಏನಕ್ಕೂ ಸೈನ್ ಮಾಡಬೇಡಿ ಎಂದು ಹೇಳಿ, ಹಾಳೆಯನ್ನು ಡ್ರಾಯರಿನಲ್ಲಿಟ್ಟು ಎದ್ದರು.

* * *

ಮಾರ್ಕೆಟಿನ ಪಕ್ಕದ ಮೆಸ್ಸಿನಲ್ಲಿ ಮೂವರೂ ಕೂತರು. ಅನ್ನ, ಸಾಂಬಾರು, ಎಲೆಕೋಸಿನ ಪಲ್ಯ. ನಂಜಿ ಎರಡು ತುತ್ತು ಉಂಡು, ಈ ಎಲೆಕೋಸು ನಮ್ಮ ಹಟ್ಟಿಯ ದನವೂ ತಿನ್ನದು ಎಂದು ಬಡಿಸುವವನಿಗೆ ಕೇಳುವಂತೆಯೇ ಅಂದಳು. ಆಮೇಲೆ ಇಬ್ಬರ ಮುಖವನ್ನೂ ನೋಡಿ, ವರ್ಕಿ ಬಿಸ್ಕತ್ತು ಕೊಳ್ಳಬೇಕೆಂದು ಎದ್ದಳು.

ಹೋಗುವ ಮುಂಚೆ ಅಭಿನಯಾಳ ಹತ್ತಿರ ನಿಂತಳು. ನಂಜನಾಡಿನಲ್ಲಿ ಹೆಣ್ಣು ಕೇಳಿಸಿದ್ದು ನಿಜವೆಂದು ತಾನಾಗಿಯೇ ಹೇಳಿದಳು. ಮಗ ಒಂಟಿಯಾಗಿ ಉಣ್ಣುವುದನ್ನು ನೋಡಲಾಗದೆ ಕೇಳಿಸಿದಳಂತೆ. ಅದು ತಿಳಿದು ಅವನು ವಾರವೆಲ್ಲ ತಾಯಿಯ ಹತ್ತಿರ ಮಾತಾಡಲಿಲ್ಲವಂತೆ.

"ನನ್ನ ಹತ್ತಿರ ಮಾತಾಡಲಿಲ್ಲ, ನಿನ್ನ ಹತ್ತಿರವೂ ಮಾತಾಡಲಿಲ್ಲ. ಇವನನ್ನು ಹೆತ್ತದ್ದಕ್ಕೆ ನನಗೆ ಸಿಕ್ಕ ಲಾಭ ಇದು," ಎಂದು ಹೇಳಿ ಹೋದಳು.

ಅಭಿನಯಾ ಎಲೆಕೋಸನ್ನು ತಟ್ಟೆಯ ಅಂಚಿಗೆ ಸರಿಸಿದಳು.

"ಯಾಕೆ ಹೀಗೆ ಮಾಡಿದೆ?" ಅಂದಳು ಅಭಿನಯಾ.

"ಏನು?"

"ಸುಳ್ಳನ್ನು ನಿನ್ನ ತಲೆಗೆ ಹಾಕಿಕೊಂಡದ್ದು."

ಅವನು ನೀರು ಕುಡಿದ. "ನನಗೇನಾಗಬೇಕು? ನಾನು ಎಲ್ಲಿಗೆ ಹೋಗಬೇಕು? ನನಗೆ ಈ ಬೆಟ್ಟ, ಆ ಕ್ಯಾರೆಟ್ಟು. ನಿನಗೆ ಕೆಲಸ ಇದೆ ಅಲ್ಲಿ. ಇಲ್ಲಿಂದ ಹೋದಾಗ ನೀ ಹೇಗಿದ್ದೆ ನೆನಪಿದೆಯಾ? ಅನ್ನ ಕಲಸಿ ಹಾಗೇ ಎದ್ದುಬಿಡುತ್ತಿದ್ದೆ. ಅಲ್ಲಿಗೆ ಹೋದ ಮೇಲೆ ಫೋನಿನಲ್ಲಿ ಒಂದು ದಿನ ನಕ್ಕೆ. ಅದು ಹೋಗಬಾರದು ಅನ್ನಿಸಿತು."

"ಹಾಗಾದರೆ ಹೇಳಬೇಕಿತ್ತು. ಮೆಸೇಜಿನಲ್ಲಿ ಪೇಪರ್ ಅಂತ ಬರೆದೆ. ನಾನು ಏನು ಅಂದುಕೊಳ್ಳಬೇಕು?"

"ಹೇಳಿದರೆ ನೀ ಸೈನ್ ಮಾಡ್ತಿದ್ದೆಯಾ?"

ಮಾಡುತ್ತಿರಲಿಲ್ಲ. ಅವನಿಗೆ ಅವಳು ಗೊತ್ತಿದ್ದಳು. ಅಷ್ಟು ಗೊತ್ತಿದ್ದವನು ಒಂದು ಮಾತು ಮಾತ್ರ ಈವರೆಗೆ ಕೇಳಿರಲಿಲ್ಲ. ಈಗ ಕೇಳಿದ. ತಟ್ಟೆಯ ಕಡೆ ನೋಡುತ್ತಲೇ ಕೇಳಿದ.

"ನನ್ನನ್ನು ಬಿಟ್ಟುಬಿಡಬೇಕು ಅಂತಲೇ ಹಾಗೆ ಬರೆಸಿದೆಯಾ, ಅಭಿ?"

ಅಭಿನಯಾ ಕಲಸಿದ ತುತ್ತನ್ನು ತಟ್ಟೆಯಲ್ಲೇ ಬಿಟ್ಟಳು.

ಬಿಡಿಬಿಡಿಯಾಗಿ ಹೇಳಿದಳು. ಆಸ್ಪತ್ರೆಯಿಂದ ಬಂದ ವಾರ ಅವಳು ಒಳಗೆ ಮಲಗಿದ್ದಾಗ ನೋಡಲು ಬಂದ ಹೆಂಗಸರು ಜಗಲಿಯಲ್ಲಿ ಕೂತಿದ್ದರು. ಪಕ್ಕದ ಮನೆಯ ಬೆಳ್ಳಿ ಅಂದಳು, ಕಣ್ಣಿ ಬೀಳಲಿಲ್ಲವಲ್ಲ, ಇನ್ನೂ ನಮ್ಮವಳು ಅನ್ನೋಕಾಗೋದಿಲ್ಲ, ಹುಡುಗ ಬೇಕಾದರೆ ಬೇರೆ ನೋಡಿಕೊಳ್ಳಬಹುದು ಎಂದು. ಯಾರೂ ಅವಳನ್ನು ತಡೆಯಲಿಲ್ಲ. ಮುರಳಿ ಆಗ ಅಂಗಳದಲ್ಲೇ ಇದ್ದ. ಅವನ ಕೆಮ್ಮು ಕೇಳಿಸಿತ್ತು. ಅವನೂ ತಡೆಯಲಿಲ್ಲ.

"ಕೊಯಮತ್ತೂರಿನಲ್ಲಿ ಏಜೆಂಟ್ ಹುಡುಗಿ ಕೇಳಿದಳು, ಮದುವೆ ಆಗಿದೆಯಾ ಅಂತ. ನನ್ನ ಕೈ ಕೊರಳಿಗೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಆಗಿಲ್ಲ ಅಂತ ಅವಳೇ ಬರೆದುಕೊಂಡಳು. ನಾನು ಅಲ್ಲ ಅನ್ನಲಿಲ್ಲ..." ಅವಳು ಮುಖವೆತ್ತಿದಳು. "ನಿನ್ನನ್ನು ಬಿಡಬೇಕು ಅಂತಲ್ಲ. ನೀವೆಲ್ಲ ನನ್ನನ್ನು ಆಗಲೇ ಬಿಟ್ಟಾಗಿದೆ ಅಂದುಕೊಂಡಿದ್ದೆ."

ಮುರಳಿ ಎಡಗೈಯಲ್ಲಿ ಮುಖ ಒರೆಸಿಕೊಂಡ. ಪಕ್ಕದ ಮೇಜಿನಲ್ಲಿ ಯಾರೋ ಮೊಸರು ಕೇಳುತ್ತಿದ್ದರು.

"ಬೆಳ್ಳಿ ಅಂದದ್ದು ನನಗೆ ಕೇಳಿಸಿತು," ಅಂದ. "ನನಗೆ ಏನು ಮಾತಾಡಬೇಕು ಅಂತ ತಿಳಿಯಲಿಲ್ಲ. ಬಾಯಿ ತೆರೆದರೆ ಅಳು ಬರುತ್ತಿತ್ತು. ಅಷ್ಟು ಹೆಂಗಸರ ಮುಂದೆ... ಎದ್ದು ಹೊಲಕ್ಕೆ ಹೋಗಿಬಿಟ್ಟೆ. ಅವತ್ತಿನಿಂದ ದಿನಾ ಹೊಲಕ್ಕೆ ಹೋಗುತ್ತಲೇ ಇದ್ದೆ."

ಅವಳು ಅವನನ್ನು ನೋಡಿದಳು. ಕೆನ್ನೆ ಒಳಹೋಗಿತ್ತು. ಗಡ್ಡದಲ್ಲಿ ಬಿಳಿ ಬಂದಿತ್ತು. ಇವನು ಹೊಲದಲ್ಲಿ ಒಬ್ಬನೇ ಅಳುತ್ತಿದ್ದಿರಬೇಕು ಎಂಬುದು ಈ ಎರಡು ವರ್ಷದಲ್ಲಿ ಒಮ್ಮೆಯೂ ಅವಳಿಗೆ ಹೊಳೆದಿರಲಿಲ್ಲ. ಮುದುಕರ ಮೈ ಒರೆಸುತ್ತಾ, ಅವರ ನೋವು ಎಲ್ಲಿದೆಯೆಂದು ಮುಖ ನೋಡಿಯೇ ಕಂಡುಹಿಡಿಯುತ್ತಿದ್ದವಳು ಅವಳು...

"ಆ ಪೇಪರಿಗೆ ನಾನು ಸೈನ್ ಮಾಡೋದಿಲ್ಲ," ಅಂದಳು.

"ಅಭಿ, ಯೋಚನೆ ಮಾಡು. ಕೆಲಸ ಹೋಗುತ್ತೆ."

"ಹೋಗಬಹುದು. ಹೋಗದೆಯೂ ಇರಬಹುದು."

"ಹೋದರೆ?"

"ಗೊತ್ತಿಲ್ಲ. ಇಲ್ಲಿಯೂ ಆಸ್ಪತ್ರೆ ಇದೆ. ಸಂಬಳ ಕಡಿಮೆ. ಆಗ ನೀ ನನ್ನ ಮೇಲೆ ಸಿಡುಕಬೇಡ."

"ನಾನು ಯಾವಾಗ ಸಿಡುಕಿದೆ?"

"ಸಿಡುಕಿದ್ದರೆ ಚೆನ್ನಾಗಿತ್ತು," ಅಂದಳು ಅವಳು. "ಒಂದು ಸಲವಾದರೂ, ಯಾಕೆ ಹಾಗೆ ಬರೆಸಿದೆ ಅಂತ ಫೋನಿನಲ್ಲಿ ಬೈದಿದ್ದರೆ, ನಾನು ಅವತ್ತೇ ಟಿಕೆಟ್ ತೆಗೆಯುತ್ತಿದ್ದೆ."

ಅವನು ಅವಳ ತಟ್ಟೆ ನೋಡಿದ. ಅನ್ನ ಹಾಗೇ ಇತ್ತು. ಉಣ್ಣು, ಆಮೇಲೆ ಬೈಯುತ್ತೇನೆ ಅಂದ. ಅವಳಿಗೆ ಈ ಸಲ ನಗು ಬಂತು, ನಗುವಿನ ಜೊತೆಗೆ ಕಣ್ಣೀರೂ ಬಂತು. ಸೆರಗಿನ ಬದಲು ಸ್ವೆಟರಿನ ತೋಳಿನಲ್ಲಿ ಒರೆಸಿಕೊಂಡಳು.

* * *

ಮಧ್ಯಾಹ್ನ ಪ್ರೇಮಲತಾ ಹಳೆಯ ಹಾಳೆಯನ್ನು ಹರಿದರು. ಮತ್ತೆ ಮೊದಲಿಂದ ಹೇಳತೊಡಗಿದರು. ಮದುವೆಯನ್ನು ರಿಜಿಸ್ಟರ್ ಮಾಡಿಸಬೇಕು. ತಡವಾಗಿದೆ, ಆದರೂ ದಾರಿ ಹುಡುಕಬಹುದು. ಹಟ್ಟಿಯ ಹಿರಿಯರಿಂದ ಈ ಕ್ರಮ ಹೇಗೆಂದು ಒಂದು ಹೇಳಿಕೆ ಬೇಕು. ಇಂಗ್ಲೆಂಡಿನ ಉತ್ತರವನ್ನು ಅಲ್ಲಿನ ವಕೀಲರಿಗೆ ತೋರಿಸದೆ ಕಳಿಸಬಾರದು. ಏನನ್ನೂ ಮುಚ್ಚಬಾರದು, ಯಾವುದಕ್ಕೂ ಬಣ್ಣ ಕಟ್ಟಬಾರದು.

"ಇನ್ನೊಮ್ಮೆ ಹೇಳ್ತೀನಿ. ಅಲ್ಲಿಂದ ಬರಬೇಡಿ ಅಂದರೆ ನನ್ನನ್ನು ಬೈಯಬಾರದು."

"ಇಲ್ಲ ಮೇಡಂ," ಅಂದಳು ಅಭಿನಯಾ.

ಪ್ರೇಮಲತಾ ಪೆನ್ನು ತೆರೆದರು. "ಮದುವೆ ಯಾವತ್ತು ಆಯಿತು ಅಂತ ಬರೆಯಲಿ? ಕಣ್ಣಿ ಇಲ್ಲ ಅಂತೀರಿ. ಹಾಗಾದರೆ ಯಾವ ದಿನ?"

ಮುರಳಿ ಉತ್ತರಕ್ಕೆ ಅಭಿನಯಾಳ ಕಡೆ ನೋಡಿದ.

"ನಾನು ನೀರು ಹೊತ್ತು ಬಂದ ದಿನ," ಅಂದಳು ಅವಳು. "ಅವತ್ತೇ ನಾನು ಇವನ ಹೆಂಡತಿಯಾದೆ. ಹಾಗೇ ಬರೆಯಿರಿ."

ನಂಜಿ ಹಿಂದಿನಿಂದ, ಬರೆದುಕೋ, ಅವತ್ತು ಸೋಮವಾರ ಅಂದಳು. ಆಮೇಲೆ ಬೆಳಗ್ಗೆ ಹೇಳಿದ ಮಾತಿಗೆ ಏನು ಮಾಡಬೇಕೆಂದು ಕೇಳಿದಳು. ಬೆಳಗ್ಗೆ ಹೇಳಿದ್ದೂ ನಿಜವೇ, ಅದನ್ನೂ ಬರೆಯುತ್ತೇನೆ ಎಂದರು ಪ್ರೇಮಲತಾ.

ಹೊರಗೆ ಮಂಜು ಕವಿಯುತ್ತಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಸಂಜೆಯ ನೂಕುನುಗ್ಗಲು. ತುಮ್ಮನಟ್ಟಿ ಬಸ್ಸಿನಲ್ಲಿ ನಂಜಿ ಮುಂದಿನ ಸೀಟು ಹಿಡಿದು, ವರ್ಕಿ ಪೊಟ್ಟಣ ತೊಡೆಯ ಮೇಲಿಟ್ಟುಕೊಂಡು, ಆಗಲೇ ಪಕ್ಕದವಳ ಹತ್ತಿರ ಈ ವರ್ಷದ ಚಳಿಯ ವಿಷಯ ಶುರುಮಾಡಿದ್ದಳು.

ಮುರಳಿ ಕೆಳಗೇ ನಿಂತಿದ್ದ. ನಿನ್ನ ಅವ್ವೆಯ ಮನೆಗೆ ಹೋಗುವ ಬಸ್ಸು ಆ ಕಡೆ ಎಂದು ಕೈ ತೋರಿಸಿದ. ತೋರಿಸಿದ ಕೈ ಅರ್ಧಕ್ಕೇ ಇಳಿಯಿತು.

"ಅವ್ವೆಗೆ ಫೋನ್ ಮಾಡ್ತೀನಿ," ಎಂದು ಹೇಳಿ ಅಭಿನಯಾ ತುಮ್ಮನಟ್ಟಿ ಬಸ್ಸು ಹತ್ತಿದಳು.

ಹಿಂದಿನ ಸೀಟಿನಲ್ಲಿ ಇಬ್ಬರೂ ಕೂತರು. ಬಸ್ಸು ತಿರುವಿನಲ್ಲಿ ವಾಲಿದಾಗ ಭುಜಕ್ಕೆ ಭುಜ ತಾಕಿತು. ತಾಕಿದ ಭುಜವನ್ನು ಯಾರೂ ಹಿಂದೆಳೆದುಕೊಳ್ಳಲಿಲ್ಲ. ಮುಂದೇನೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಇಂಗ್ಲೆಂಡಿನಿಂದ ಏನು ಉತ್ತರ ಬರುತ್ತದೋ, ಬರುವವರೆಗೆ ಇವಳು ಇಲ್ಲಿರುತ್ತಾಳೋ ಅಲ್ಲಿರುತ್ತಾಳೋ...

"ನೀ ಬೈಯುತ್ತೇನೆ ಅಂದಿದ್ದೆ," ಅಂದಳು ಅವಳು ಕಣ್ಣು ಮುಚ್ಚಿಕೊಂಡೇ.

"ನಾಳೆ."

"ನಾಳೆ ಯಾಕೆ?"

"ಇವತ್ತು ನಿನಗೆ ಆಯಾಸವಾಗಿದೆ. ನನಗೂ ಆಗಿದೆ." ಅವನು ತನ್ನ ಶಾಲಿನ ಒಂದು ತುದಿಯನ್ನು ಅವಳ ಹೆಗಲಿಗೆ ಎಳೆದ. "ಒರಗು."

ಅವಳು ಒರಗಿದಳು. ಅವನ ಅಂಗಿಯಲ್ಲಿ ಮಣ್ಣು, ಹೊಗೆ, ಹಸಿ ಕ್ಯಾರೆಟ್ಟಿನ ವಾಸನೆ.

"ಹಟ್ಟಿ ಬಂದಾಗ ಎಬ್ಬಿಸ್ತೀಯಾ?"

"ಎಬ್ಬಿಸ್ತೀನಿ."

"ನೀನೂ ನಿದ್ದೆ ಹೋಗಿಬಿಟ್ಟರೆ?"

"ಹೋದರೆ ಏನಂತೆ," ಅಂದ ಮುರಳಿ. "ರಾತ್ರಿಯೆಲ್ಲ ಬಸ್ಸು ಅಲ್ಲೇ ನಿಲ್ಲೋದು. ಬೆಳಗಾದರೂ ನಾವು ಒಂದೇ ಸೀಟಿನಲ್ಲಿ ಇರ್ತೀವಲ್ಲ."